ಫ್ರಿಜ್ಜಿನ ಮೇಲೆ ವಿಭೂತಿ

ಕೋಳಿಯ ಬಾಯಿ ಬಿಡಿಸುವುದು ಹುಡುಗಾಟವಲ್ಲ ಎಂಬ ಸತ್ಯ ಪುಟ್ಟಯ್ಯನವರಿಗೆ ನಿವೃತ್ತಿಯಾದ ಮೇಲೆ ತಿಳಿಯಿತು.

“ಗಟ್ಟಿಯಾಗಿ ಹಿಡ್ಕೊಳ್ರೀ. ಅದೇನು ನಿಮ್ಮನ್ನ ಕಚ್ಚುತ್ತಾ?” ಎಂದರು ಅವರ ಹೆಂಡತಿ ಪುಷ್ಪಮ್ಮ.

“ಕಚ್ಚಲ್ಲ ಮಾರಾಯ್ತಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದೆ.”

“ನೋಡ್ಲಿ ಬಿಡಿ. ಇಷ್ಟು ದಿನ ನಿಮ್ಮಿಬ್ಬರ ಭೇಟಿ ತಟ್ಟೇಲಿ ತಾನೇ ಆಗ್ತಿದ್ದಿದ್ದು.”

ಪುಟ್ಟಯ್ಯನವರು ನಿಟ್ಟುಸಿರು ಬಿಟ್ಟರು. ಕಾಲಿಗೆ ಪ್ಲಾಸ್ಟಿಕ್ ಚೀಲ, ಕೈಗೆ ಗ್ಲೌಸು, ಮೂಗಿಗೆ ಮಾಸ್ಕು. ಈ ವೇಷದಲ್ಲಿ ಭದ್ರಾವತಿಯ ಹೊರವಲಯದ ಫಾರಂ ಒಂದರಲ್ಲಿ ಕುಕ್ಕರುಗಾಲಲ್ಲಿ ಕೂತು ಕೋಳಿಯ ನಾಲಿಗೆ ನೋಡುವ ದಿನ ಬರುತ್ತದೆಂದು, ಅವರು ಶಿವಮೊಗ್ಗ–ಭದ್ರಾವತಿ ಲೈನಿನಲ್ಲಿ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಯಾರಾದರೂ ಹೇಳಿದ್ದರೆ, ಆ ಪ್ರಯಾಣಿಕನನ್ನು ಮುಂದಿನ ಸ್ಟಾಪಿನಲ್ಲೇ ಇಳಿಸಿಬಿಡುತ್ತಿದ್ದರು.

ಈಗ ಮಾತ್ರ ಇಳಿಯುವ ಹಾಗಿರಲಿಲ್ಲ. ವೀರಪ್ಪನವರ ಫಾರಂನಲ್ಲಿ ಲಸಿಕೆ ಹಾಕಿಸಿಕೊಂಡ ಕೋಳಿಗಳೇ ಕೊಕ್ಕರೆ ರೋಗ ಬಂದು ಕತ್ತು ತಿರುಚಿಕೊಂಡು ಸಾಯುತ್ತಿದ್ದವು. ಲಸಿಕೆ ಕೊಟ್ಟವನು ಫಾರಂನಲ್ಲಿ ಕೆಲಸಕ್ಕಿದ್ದ ಸಂಜಯ, ಪುಟ್ಟಯ್ಯನವರ ತೀರಿಹೋದ ತಂಗಿಯ ಮಗ. ಅವನು ಲಸಿಕೆಯನ್ನು ಬೇರೆಯವರಿಗೆ ಮಾರಿಕೊಂಡು ಕೋಳಿಗಳಿಗೆ ಬರೀ ನೀರು ಕುಡಿಸಿದ್ದಾನೆ ಎಂಬುದು ವೀರಪ್ಪನವರ ತೀರ್ಮಾನ. ಇವತ್ತು ಸಂಜೆ ದೀಪ ಹಚ್ಚುವುದರೊಳಗೆ ನಿಜವಾದ ಕಾರಣ ಸಿಗದಿದ್ದರೆ ಹುಡುಗನನ್ನು ಪೊಲೀಸರಿಗೆ ಒಪ್ಪಿಸುತ್ತೇನೆ ಎಂದು ಗಡುವನ್ನೂ ಕೊಟ್ಟಾಗಿತ್ತು.

ಪುಷ್ಪಮ್ಮ ಶಿವಮೊಗ್ಗದ ರವೀಂದ್ರನಗರದಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪತ್ತೇದಾರಿ ನಡೆಸುವವರು. ಬರುವ ಕೇಸುಗಳೆಲ್ಲ ಹೆಣ್ಣು ಹೆತ್ತವರದು. ಹುಡುಗ ಕುಡೀತಾನಾ, ಹೇಳಿದ ಕೆಲಸದಲ್ಲೇ ಇದ್ದಾನಾ, ತಾಯಿ ಎಂಥವಳು. ಆಕೆಯ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿತ್ತು: ಹಾಲ್‌ನಲ್ಲಿ ಕೂತರೆ ಸುಳ್ಳು ಕೇಳಿಸುತ್ತದೆ, ಅಡುಗೆಮನೆಗೆ ಹೋದರೆ ನಿಜ ಕಾಣಿಸುತ್ತದೆ. ಕೋಳಿಯ ಕೇಸು ಇದೇ ಮೊದಲು. ಕೈಗೆತ್ತಿಕೊಂಡ ದಿನವೇ ಮನೆಯಲ್ಲಿ ಚಿಕನ್ ಸಾರನ್ನು ನಿಷೇಧಿಸಿದ್ದರು.

“ಕೇಸ್ ಮುಗಿಯೋವರೆಗೂ ಸಾಕ್ಷಿಗಳನ್ನ ತಿನ್ನೋ ಹಾಗಿಲ್ಲ” ಎಂದಿದ್ದರು. ಅಂದಿನಿಂದ ಪುಟ್ಟಯ್ಯನವರು ಹುರುಳಿ ಸಾರಿನಲ್ಲಿ ಜೀವ ಹಿಡಿದುಕೊಂಡಿದ್ದರು.

“ನಾಲಿಗೆ ಕೆಂಪಗಿದೆ” ಎಂದು ಅವರೀಗ ವರದಿ ಒಪ್ಪಿಸಿದರು.

“ಈಗ ಕೆಂಪಗೇ ಇರುತ್ತೆ ಮೇಡಂ” ಎಂದು ನಕ್ಕ ವಿಜಯಕುಮಾರ್. ಮರಿ, ಆಹಾರ, ಔಷಧಿ ಒದಗಿಸುವ ಕಂಪನಿಯ ಸೂಪರ್‌ವೈಸರ್ ಅವನು. ತಲೆಗೆ ಕಂಪನಿ ಟೋಪಿ, ಮೈಗೆ ಧಾರಾಳವಾಗಿ ಸೆಂಟು. ಕೋಳಿ ಫಾರಂನಲ್ಲೂ ಮದುವೆಮನೆಯ ವಾಸನೆ ಬರುವ ಏಕೈಕ ಮನುಷ್ಯ. “ಲಸಿಕೆ ನೀರಿಗೆ ಹಾಕೋ ನೀಲಿ ಬಣ್ಣ ನಾಲಿಗೆ ಮೇಲೆ ಒಂದು ದಿನ ನಿಲ್ಲೋದೂ ಕಷ್ಟ. ಲಸಿಕೆ ಕೊಟ್ಟು ಎರಡು ವಾರ ಆಯ್ತಲ್ಲ.”

ಪುಟ್ಟಯ್ಯನವರು ಕೋಳಿಯನ್ನು ಕೆಳಗೆ ಬಿಟ್ಟರು. ಅದು ಮೈ ಕೊಡವಿ, ಅವಮಾನವಾದವರ ಹಾಗೆ ತಿರುಗಿ ನೋಡದೆ ಹೋಯಿತು.

“ಅತ್ತೆ, ಫೋಟೋ ಇದೆ ನೋಡಿ” ಎಂದು ಸಂಜಯ ಫೋನು ಚಾಚಿದ. ನಾಲ್ಕು ದಿನದಿಂದ ಅವನು ಸರಿಯಾಗಿ ಊಟ ಮಾಡಿರಲಿಲ್ಲ. ಶರ್ಟು ಹೆಗಲಿನ ಮೇಲೆ ನೇತಾಡುತ್ತಿತ್ತು. “ಅವತ್ತು ಬೆಳಿಗ್ಗೆ ಕೋಳಿಗೆ ನೀರು ನಿಲ್ಸಿದೆ. ಚೆನ್ನಾಗಿ ಬಾಯಾರಿಕೆ ಆಗ್ಬೇಕು. ಆಮೇಲೆ ನೀರಿಗೆ ಹಾಲಿನ ಪುಡಿ ಹಾಕ್ದೆ, ನೀಲಿ ಗುಳಿಗೆ ಹಾಕ್ದೆ, ಕೊನೆಗೆ ಬಾಟ್ಲಿ ಬಿಚ್ಚಿ ಲಸಿಕೆ ಬೆರೆಸ್ದೆ. ಮುಗಿಬಿದ್ದು ಕುಡಿದ್ವು. ನಾಲಿಗೆ ನೀಲಿ ಆಗಿದೆ ನೋಡಿ, ಎಲ್ಲದರದ್ದೂ!”

ಫೋಟೋದಲ್ಲಿ ಕೋಳಿಗಳು ಶಾಯಿ ಕುಡಿದ ಮಕ್ಕಳಂತೆ ಬಾಯಿ ತೆರೆದುಕೊಂಡಿದ್ದವು.

ಪುಷ್ಪಮ್ಮ ಫೋನನ್ನು ದೂರಕ್ಕೆ ಹಿಡಿದು, ಹತ್ತಿರಕ್ಕೆ ಹಿಡಿದು ನೋಡಿದರು. “ಸಂಜು, ನೀಲಿ ಗುಳಿಗೆ ಬೇರೆ, ಲಸಿಕೆ ಬೇರೆ ಅಲ್ವೇನೋ?”

“ಹೂಂ.”

“ಹಾಗಾದ್ರೆ ನಾಲಿಗೆ ನೀಲಿ ಆಗಿದ್ದು ಏನು ಹೇಳುತ್ತೆ? ಕೋಳಿ ನೀರು ಕುಡೀತು ಅಂತ. ಅಷ್ಟೆ. ನೀರಲ್ಲಿ ಏನಿತ್ತು ಅಂತ ನಾಲಿಗೆ ಹೇಳಲ್ಲ.”

ಸಂಜಯನ ಮುಖ ಬಾಡಿತು. ಅವನ ಹತ್ತಿರ ಇದ್ದದ್ದು ಅದೊಂದೇ ಸಾಕ್ಷಿ. ಶಿವಮೊಗ್ಗದ ಪಶುವೈದ್ಯರು ರಕ್ತ ಪರೀಕ್ಷಿಸಿ, ಈ ಕೋಳಿಗಳ ಮೈಯಲ್ಲಿ ಲಸಿಕೆ ಕೆಲಸ ಮಾಡಿದ ಗುರುತೇ ಇಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಪುಟ್ಟಯ್ಯನವರು ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಸ್ವಂತ ಅತ್ತೆಯೇ ಹೀಗೆ ಕೈಬಿಟ್ಟರೆ ಹುಡುಗನ ಗತಿ ಏನು?

“ಬಾಟ್ಲಿ ಬಿಚ್ಚಿದಾಗ ಏನಾದ್ರೂ ವಿಶೇಷ ಕಂಡಿತ್ತಾ? ನೆನಪು ಮಾಡ್ಕೊ.”

“ಬಾಟ್ಲಿ ಮೇಲಿನ ಲೇಬಲ್ ಎಲ್ಲ ನೆನೆದು ಕಿತ್ತುಹೋಗಿತ್ತು ಅತ್ತೆ. ಐಸ್ ಕರಗಿ ಒದ್ದೆ ಆಗಿರ್ಬೇಕು ಅಂದ್ಕೊಂಡೆ.”

“ಅಯ್ಯೋ ನಿನ್ನ! ಇದನ್ನ ಮೊದ್ಲೇ ಹೇಳ್ಬಾರ್ದಾ?”

“ಯಾರು ಕೇಳಿದ್ರು? ಎಲ್ರೂ ಬೈತಾನೇ ಇದ್ರು.”

ಪುಷ್ಪಮ್ಮನ ಕಣ್ಣು ಹೊಳೆಯಿತು. ಆ ಹೊಳಪನ್ನು ಪುಟ್ಟಯ್ಯನವರು ಬಲ್ಲರು. ಮೇಗರವಳ್ಳಿಯ ಎಂಜಿನಿಯರ್ ವರ ಎಂಜಿನಿಯರ್ ಅಲ್ಲ ಎಂದು ಗೊತ್ತಾದಾಗಲೂ ಹೀಗೇ ಹೊಳೆದಿತ್ತು. ಆಕೆ ಫಾರಂನ ಕೆಟ್ಟುಹೋದ ಫ್ರಿಜ್ಜನ್ನು ನೋಡಲು ಸಂಜಯನನ್ನು ಕರೆದುಕೊಂಡು ಸ್ಟೋರ್ ರೂಮಿನ ಕಡೆ ನಡೆದರು.

ಉಳಿದವರು ಪುಟ್ಟಯ್ಯ, ವಿಜಯಕುಮಾರ್ ಮತ್ತು ಕೋಳಿಗಳು.

“ಲಸಿಕೆ ಅಂದ್ರೆ ಹಸುಗೂಸು ಇದ್ದಂಗೆ ಸರ್” ಎಂದ ವಿಜಯಕುಮಾರ್, ಹೊತ್ತು ಕಳೆಯಲು. “ತಣ್ಣಗಿಲ್ಲದಿದ್ರೆ ಸತ್ತೇ ಹೋಗುತ್ತೆ. ಆದ್ರೆ ಇಲ್ಲಿ ಫ್ರಿಜ್ ಕೆಟ್ಟಿದೆ ಅಂತ ವೀರಪ್ಪನವರು ಮನೆ ಫ್ರಿಜ್ಜಲ್ಲೇ ಇಟ್ಟಿದ್ರಲ್ಲ. ಪೇಡದ ಡಬ್ಬದೊಳಗೆ ಪೇಡಕ್ಕಿಂತ ಸುಖವಾಗಿತ್ತು ಬಿಡಿ ಅದು.”

ಪೇಡ ಎಂದದ್ದೇ ತಡ, ಪುಟ್ಟಯ್ಯನವರ ಬಾಯಲ್ಲಿ ನೀರೂರಿತು. ಚಿಕನ್ ಇಲ್ಲದ ನಾಲಿಗೆಗೆ ಕೊನೇಪಕ್ಷ ಒಂದು ಪೇಡವಾದರೂ ಸಿಗಬಾರದೇ ಎಂದುಕೊಂಡರು. ಅಷ್ಟರಲ್ಲಿ ಪುಷ್ಪಮ್ಮ ಹೊರಬಂದು, “ಗಾಡಿ ತೆಗೀರಿ. ಓಲ್ಡ್ ಟೌನಿಗೆ” ಎಂದರು.

ಸ್ಕೂಟರು ಹೊರಟಿತು. ದಾರಿಯಲ್ಲಿ ಬಸ್ ಸ್ಟಾಪು ಕಂಡಲ್ಲೆಲ್ಲ ಪುಟ್ಟಯ್ಯನವರ ಕೈ ತಾನಾಗಿ ಬ್ರೇಕು ಹಿಡಿಯುತ್ತಿತ್ತು. ಹಿಂದೆ ಕೂತ ಪುಷ್ಪಮ್ಮ ಪ್ರತಿ ಸಲವೂ ಬೆನ್ನಿಗೆ ತಿವಿದು, “ಯಾರೂ ಹತ್ತಲ್ಲ, ರೈಟ್ ರೈಟ್” ಎನ್ನುತ್ತಿದ್ದರು. ಅವರ ಹಿಂದೆ ವಿಜಯಕುಮಾರನ ಬೈಕು, ಅದರ ಮೇಲೆ ಸಂಜಯ.

ಓಲ್ಡ್ ಟೌನಿನ ಮನೆಯ ಹಿತ್ತಲಲ್ಲೇ ವೀರಪ್ಪನವರು ಅವರನ್ನು ತಡೆದು ನಿಲ್ಲಿಸಿದರು. ದಪ್ಪ ಮೀಸೆಯ, ಫಾರಂನಲ್ಲಿ ಗುಡುಗುವ ಮನುಷ್ಯ ಇಲ್ಲಿ ಪಿಸುಗುಡುತ್ತಿದ್ದರು.

“ಮೆಲ್ಲಗೆ ಮೇಡಂ, ಮೆಲ್ಲಗೆ. ಮೊದ್ಲು ಕೈಕಾಲು ತೊಳ್ಕೊಳ್ಳಿ. ಕೋಳಿಯ ಒಂದು ಪುಕ್ಕವೂ ಹೊಸಿಲು ದಾಟಬಾರದು ಅಂತ ನಮ್ಮನೆಯವಳ ಕಾನೂನು. ನಾನೂ ಸ್ನಾನ ಮಾಡ್ದೆ ಒಳಗೆ ಹೋಗಲ್ಲ. ಲಿಂಗಪೂಜೆ ಮನೆ ನೋಡಿ.”

“ಮತ್ತೆ ಲಸಿಕೆ ಹೇಗೆ ಒಳಗೆ ಹೋಯ್ತು?”

ವೀರಪ್ಪನವರು ಸುತ್ತ ನೋಡಿದರು. “ಭಾನುವಾರ ಸಂಜೆ ಕಂಪನಿ ವ್ಯಾನಿನವರು ಕೊಟ್ರು. ಅವಳ ಕಣ್ಣಿಗೆ ಬೀಳದ ಹಾಗೆ ಫ್ರಿಜ್ಜಲ್ಲಿ ಮುಚ್ಚಿಟ್ಟೆ. ಒಂದು ರಾತ್ರಿ ಮಾತು. ಬೆಳಿಗ್ಗೆ ಸಂಜಯ ಬಂದು ಒಯ್ದ.”

“ಯಾರದು?” ಎಂದು ಒಳಗಿನಿಂದ ವೀರಪ್ಪನವರ ಹೆಂಡತಿ ಜಗದಾಂಬಾ ಕೂಗಿದರು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಕೈಯಲ್ಲಿ ಕಾಫಿ ಲೋಟದ ತಟ್ಟೆ. ಬಾಗಿಲಿಗೆ ಬಂದವರೇ ಪುಟ್ಟಯ್ಯನವರನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮ ಕಿವಿ ಹಿಂದೆ ಪುಕ್ಕ ಇದೆ” ಎಂದರು. ಪುಟ್ಟಯ್ಯನವರು ಮತ್ತೊಮ್ಮೆ ನಲ್ಲಿಗೆ ಹೋಗಬೇಕಾಯಿತು.

ಅವರು ತೊಳೆದು ಶುದ್ಧರಾಗಿ ಬರುವಷ್ಟರಲ್ಲಿ ವಿಜಯಕುಮಾರ್ ಹಾಲ್‌ನ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿದ್ದ. ಸಂಜಯ ಹಿತ್ತಲ ಮೆಟ್ಟಿಲಲ್ಲೇ ನಿಂತಿದ್ದ. ಪುಷ್ಪಮ್ಮ ಕಾಣಲಿಲ್ಲ. ಹುಡುಕಿದರೆ, ಹಿತ್ತಲ ಬಾಗಿಲ ಪಕ್ಕದಲ್ಲಿ ನಿಂತಿದ್ದ ಫ್ರಿಜ್ಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

ಫ್ರಿಜ್ಜಿನ ಬಾಗಿಲ ಮೇಲೆ ಅಚ್ಚುಕಟ್ಟಾಗಿ ಮೂರು ಪಟ್ಟೆ ವಿಭೂತಿ ಎಳೆದಿತ್ತು.

“ಜಗದಾಂಬಕ್ಕ, ಫ್ರಿಜ್ಜಿಗೆ ಯಾವಾಗ ದೀಕ್ಷೆ ಕೊಡಿಸಿದ್ರಿ?”

“ಅದಾ? ಒಳ್ಳೇದಾಗ್ಲಿ ಅಂತ ಹಚ್ಚಿದ್ದು.”

“ಮಿಕ್ಸಿಗೆ ಹಚ್ಚಿಲ್ಲ. ಗ್ಯಾಸ್ ಸ್ಟೌಗೆ ಹಚ್ಚಿಲ್ಲ. ಟಿವಿಗೂ ಇಲ್ಲ. ಇದೊಂದಕ್ಕೇ ಯಾಕೆ ಒಳ್ಳೇದಾಗ್ಬೇಕು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಜಗದಾಂಬಾ ಸೆರಗಿನ ತುದಿಯಿಂದ ವಿಭೂತಿ ಒರೆಸಲು ಹೋದರು. ಪುಷ್ಪಮ್ಮ ಮೆತ್ತಗೆ ಅವರ ಕೈ ಹಿಡಿದರು.

“ಈ ಫ್ರಿಜ್ಜಲ್ಲಿ ಮೈಲಿಗೆ ಆಗೋವಂಥದ್ದು ಏನೋ ನೋಡಿದೀರಿ. ತೆಗೆದು ಹೊರಗೆ ಹಾಕಿದೀರಿ. ಆಮೇಲೆ ಶುದ್ಧ ಮಾಡಿದೀರಿ. ಆದ್ರೆ ಯಜಮಾನರಿಗೆ ಒಂದು ಮಾತೂ ಬೈದಿಲ್ಲ. ಅದೇ ನಂಗೆ ಅರ್ಥ ಆಗ್ತಿಲ್ಲ. ನಾನಾಗಿದ್ರೆ ಇವರನ್ನ ಮನೆಯಿಂದ ಆಚೆ ಮಲಗಿಸ್ತಿದ್ದೆ.”

ಪುಟ್ಟಯ್ಯನವರು ಹೌದು ಎಂದು ತಲೆಯಾಡಿಸಿದರು. ಅನುಭವದ ಮಾತು.

ಜಗದಾಂಬಾ ತುಟಿ ಬಿಗಿದುಕೊಂಡು ನಿಂತರು. ವೀರಪ್ಪನವರ ಮೀಸೆ ಅದುರಿತು.

“ಅಲ್ಲಿ ಮೆಟ್ಟಿಲಲ್ಲಿ ನಿಂತಿದಾನಲ್ಲ ಅಕ್ಕ, ಆ ಹುಡುಗ ಸಂಜೆ ಹೊತ್ತಿಗೆ ಲಾಕಪ್ಪಲ್ಲಿ ಇರ್ತಾನೆ. ಲಸಿಕೆ ಕದ್ದ ಅಂತ. ತಾಯಿ ಇಲ್ಲದ ಮಗು ಅದು.”

ಜಗದಾಂಬಾ ತಿರುಗಿ ನೋಡಿದರು. “ಈ ಸಂಜಯನಾ? ನಂಗೆ ಸೋಮವಾರ ಸೋಮವಾರ ಬಿಲ್ವಪತ್ರೆ ತಂದುಕೊಡೋ ಹುಡುಗನಾ? ರೀ, ಇದೇನ್ರೀ ನಿಮ್ಮ ಪಾಪದ ಕೆಲಸ?” ಎಂದು ಗಂಡನ ಮೇಲೆ ಹರಿಹಾಯ್ದರು. ಆಮೇಲೆ ದನಿ ತಗ್ಗಿಸಿ ಪುಷ್ಪಮ್ಮನ ಕಡೆ ವಾಲಿದರು. “ನಂಗೆ ಶುಗರ್ ಇದೆ. ಸಿಹಿ ಮುಟ್ಟಬಾರದು ಅಂತ ಡಾಕ್ಟ್ರು ಹೇಳಿದಾರೆ. ಆ ಭಾನುವಾರ ಊಟ ಆದ್ಮೇಲೆ ಫ್ರಿಜ್ ತೆಗೆದೆ. ಪೇಡದ ಡಬ್ಬ ಇತ್ತು. ಒಂದೇ ಒಂದು ತಿನ್ನೋಣ ಅಂತ...”

“ಹೂಂ?”

“ಮುಚ್ಚಳ ತೆಗೆದ್ರೆ ಒಳಗೆ ಕೋಳಿ ಚಿತ್ರದ ಬಾಟ್ಲಿ! ಶಿವಶಿವಾ! ನೈವೇದ್ಯದ ಹಾಲಿನ ಪಕ್ಕದಲ್ಲಿ! ಇಕ್ಕಳದಲ್ಲಿ ಹಿಡ್ಕೊಂಡು ಹೋಗಿ ಬಚ್ಚಲುಮನೆ ಅಟ್ಟದ ಮೇಲೆ ಇಟ್ಟೆ. ಆ ಚಳೀಲಿ ತಲೆಗೆ ಸ್ನಾನ ಮಾಡ್ದೆ. ಇವರಿಗೆ ಹೇಗೆ ಬೈಲಿ? ‘ನೀನ್ಯಾಕೆ ಪೇಡದ ಡಬ್ಬ ತೆಗೆದೆ’ ಅಂತ ಕೇಳಲ್ವಾ?”

ವೀರಪ್ಪನವರು ಬಾಯಿ ತೆರೆದವರು ಮುಚ್ಚಲಿಲ್ಲ. “ಶುಗರ್ ಇದೆ, ಪೇಡ ಮುಟ್ಟಲ್ಲ ಅಂತಲೇ ಕಣೇ ನಾನು ಆ ಡಬ್ಬದಲ್ಲಿಟ್ಟಿದ್ದು!”

ಗಂಡನಿಗೆ ಹೆಂಡತಿಯ ಭಯ, ಹೆಂಡತಿಗೆ ಗಂಡನ ಭಯ. ನಡುವೆ ಕೋಳಿಗೆ ಕುತ್ತು.

“ಮುಗೀತು!” ಎಂದು ಪುಷ್ಪಮ್ಮ ಕೈ ತಟ್ಟಿದರು. ಎಲ್ಲರೂ ಹಾಲ್‌ನಲ್ಲಿ ಸೇರಿದರು. ಆಕೆ ನಡುವೆ ನಿಂತು, ಬೀಗರ ಮುಂದೆ ವರನ ಗುಟ್ಟು ಬಿಚ್ಚುವಾಗಿನ ದನಿಯಲ್ಲಿ ಹೇಳಿದರು: “ಬಚ್ಚಲುಮನೆ ಅಟ್ಟ ಅಂದ್ರೆ ನೀರು ಕಾಯೋ ಹಂಡೆ ಮೇಲೆ. ಅಲ್ಲಿಟ್ಟರೆ ಐಸ್ ಕರಗಿ ಲೇಬಲ್ ನೆನೆಯದೆ ಇನ್ನೇನು? ಹಬೆಯಲ್ಲಿ ಲಸಿಕೆ ಸತ್ತುಹೋಯ್ತು. ಬೆಳಿಗ್ಗೆ ಸಂಜು ಒಯ್ದು ಕೊಟ್ಟಿದ್ದು ಸತ್ತ ಲಸಿಕೆ. ಹುಡುಗನದ್ದು ಎಳ್ಳಷ್ಟೂ ತಪ್ಪಿಲ್ಲ.”

ಪುಟ್ಟಯ್ಯನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಂಜಯನ ಹೆಗಲು ಹಿಡಿದು ಅಲ್ಲಾಡಿಸಿದರು. ಹುಡುಗ ನಗಲು ಹೋಗಿ ಅತ್ತುಬಿಟ್ಟ. ವೀರಪ್ಪನವರು ಕುತ್ತಿಗೆ ಕೆರೆದುಕೊಂಡು, “ನಾನೂ ಸ್ವಲ್ಪ ಅವಸರ ಮಾಡ್ದೆ ಕಣಪ್ಪ” ಎಂದರು. ಪುಟ್ಟಯ್ಯನವರ ಮನಸ್ಸು ಆಗಲೇ ರವೀಂದ್ರನಗರ ತಲುಪಿ, ಕೊತ್ತಂಬರಿ ಸೊಪ್ಪು, ಶುಂಠಿ, ಬೆಳ್ಳುಳ್ಳಿ ಕೊಂಡು, ಮಸಾಲೆ ಅರೆಯುತ್ತಿತ್ತು.

“ಬೆಳಿಗ್ಗೆ ಎಷ್ಟು ಹೊತ್ತಿಗೆ ಅಕ್ಕ ಅದನ್ನ ವಾಪಸ್ ಫ್ರಿಜ್ಜಲ್ಲಿ ಇಟ್ಟಿದ್ದು?” ಎಂದು ಪುಷ್ಪಮ್ಮ ಶಾಸ್ತ್ರಕ್ಕೆ ಕೇಳಿದರು.

“ವಾಪಸ್ಸಾ?” ಜಗದಾಂಬಾ ಹುಬ್ಬೇರಿಸಿದರು. “ಶುದ್ಧ ಮಾಡಿದ ಫ್ರಿಜ್ಜಲ್ಲಿ ನಾನ್ಯಾಕೆ ಮತ್ತೆ ಅದನ್ನ ಇಡ್ಲಿ? ಇನ್ನೂ ಅಟ್ಟದ ಮೇಲೇ ಇದೆ.”

ಪುಟ್ಟಯ್ಯನವರ ಮಸಾಲೆ ಅಲ್ಲಿಗೇ ನಿಂತಿತು.

ಜಗದಾಂಬಾ ಒಳಗೆ ಹೋದರು. ಬಂದಾಗ ಇಕ್ಕಳದ ಬಾಯಲ್ಲಿ ಒಂದು ಪೇಡದ ಡಬ್ಬವಿತ್ತು. ಟೀಪಾಯಿಯ ಮೇಲೆ ಹಳೇ ಪೇಪರ್ ಹಾಸಿಸಿ ಇಟ್ಟರು. ಪುಷ್ಪಮ್ಮ ಬಿಗಿಯಾಗಿ ಕೂತಿದ್ದ ಮುಚ್ಚಳ ತೆಗೆದರು. ಒಳಗೆ ಬಾಟಲಿಗಳು ಸಾಲಾಗಿ ಕೂತಿದ್ದವು. ಒಂದರ ಸೀಲೂ ಒಡೆದಿರಲಿಲ್ಲ. ಒಂದರ ಲೇಬಲ್ಲೂ ಕಿತ್ತಿರಲಿಲ್ಲ. ಕೋಳಿಯ ಚಿತ್ರ ಹೊಸದರ ಹಾಗೆ ಮಿಂಚುತ್ತಿತ್ತು.

“ಬೆಳಿಗ್ಗೆ ನೋಡಿದ್ರೆ ಫ್ರಿಜ್ಜಲ್ಲಿ ಮತ್ತೊಂದು ಪೇಡದ ಡಬ್ಬ ಇತ್ತು” ಎಂದರು ಜಗದಾಂಬಾ. “ಈ ಮನುಷ್ಯ ಮತ್ತೆ ತಂದಿಟ್ಟಿದಾರೆ, ಹಠಮಾರಿ ಅಂತ ಸುಮ್ನಾದೆ. ಆಮೇಲೆ ಈ ಹುಡುಗ ಬಂದು ಅದನ್ನ ತಗೊಂಡು ಹೋದ.”

“ನಾನು ಇಟ್ಟಿದ್ದು ಒಂದೇ ಡಬ್ಬ” ಎಂದರು ವೀರಪ್ಪನವರು.

ಎಲ್ಲರೂ ಪುಷ್ಪಮ್ಮನನ್ನು ನೋಡಿದರು. ಮದುವೆಯಾದಂದಿನಿಂದ ಹೆಂಡತಿ ಮಾತಿಲ್ಲದೆ ನಿಂತದ್ದನ್ನು ಪುಟ್ಟಯ್ಯನವರು ನೋಡಿದ್ದು ಇದೇ ಮೊದಲು. ಅವರಿಗೆ ಭಯವಾಯಿತು.

ವೀರಪ್ಪನವರ ಮೀಸೆ ನಿಧಾನವಾಗಿ ನೆಟ್ಟಗಾಯಿತು. “ಹಂಗಾದ್ರೆ ಇದು ನನ್ನ ಮೊದಲ ಲೆಕ್ಕಕ್ಕೇ ಬಂತಲ್ಲ. ಪೇಡದ ಡಬ್ಬದ ವಿಷಯ ಗೊತ್ತಿದ್ದಿದ್ದು ಇಬ್ಬರಿಗೇ. ಒಂದು ನಂಗೆ. ಇನ್ನೊಂದು ಇವನಿಗೆ. ನಾನೇ ಫೋನ್ ಮಾಡಿ ಹೇಳಿದ್ದೆ, ‘ಪೇಡದ ಡಬ್ಬದಲ್ಲಿದೆ, ಅಮ್ಮಾವ್ರ ಮುಂದೆ ಬಾಯಿ ಬಿಡಬೇಡ’ ಅಂತ. ಅಸಲಿ ಎತ್ತಿಕೊಂಡು ಹೋಗೋಕೆ ರಾತ್ರಿ ಹಿತ್ತಲ ಬಾಗಿಲಿಂದ ಬಂದಿದಾನೆ. ಡಬ್ಬ ಕಾಣಲಿಲ್ಲ. ತಂದಿದ್ದ ನಕಲಿ ಇಟ್ಟು ಹೋಗಿದಾನೆ. ಬೆಳಿಗ್ಗೆ ಸಾಚಾ ಥರ ಬಂದು ಅದನ್ನೇ ಒಯ್ದಿದಾನೆ!”

“ಇಲ್ಲ ಅಣ್ಣಾ, ದೇವರಾಣೆ!” ಸಂಜಯ ಗರಬಡಿದವನಂತೆ ಪುಟ್ಟಯ್ಯನವರ ಕಡೆ ತಿರುಗಿದ. “ಮಾವ, ಹಾಗಾದ್ರೆ ನಾನು ಕೋಳಿಗೆ ಕುಡಿಸಿದ್ದು ಏನು?”

ವೀರಪ್ಪನವರು ಫೋನು ತೆಗೆದುಕೊಂಡು ಕಿಟಕಿಯ ಕಡೆ ಹೋದರು. ಪುಷ್ಪಮ್ಮ ಅವರ ಹಿಂದೆ ಓಡಿ, “ಒಂದು ನಿಮಿಷ ವೀರಪ್ಪನವರೇ, ದೀಪ ಹಚ್ಚೋ ಹೊತ್ತು ಇನ್ನೂ ಆಗಿಲ್ಲ” ಎಂದು ಬೇಡತೊಡಗಿದರು. ಜಗದಾಂಬಾ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಪುಟ್ಟಯ್ಯನವರು ಮಾತ್ರ ಇದ್ದಲ್ಲೇ ಇದ್ದರು. ಪೇಡ. ಪೇಡ. ಇವತ್ತು ಈ ಮನೆಗೆ ಬರುವ ಮೊದಲೇ ಯಾರೋ ಪೇಡದ ಮಾತೆತ್ತಿ ಬಾಯಲ್ಲಿ ನೀರೂರಿಸಿದ್ದರು. ಮೊನ್ನೆ ಯಾರನ್ನು ಭೇಟಿಯಾದೆ ಎಂದು ಪೊಲೀಸರೇ ಕೇಳಿದರೂ ನೆನಪಿರುವುದಿಲ್ಲ, ಆದರೆ ತಿಂಡಿಯ ವಿಷಯ ಆಡಿದವರನ್ನು ಪುಟ್ಟಯ್ಯನವರು ಈ ಜನ್ಮದಲ್ಲಿ ಮರೆತವರಲ್ಲ. ‘ಪೇಡದ ಡಬ್ಬದೊಳಗೆ ಪೇಡಕ್ಕಿಂತ ಸುಖವಾಗಿತ್ತು ಬಿಡಿ ಅದು.’

ಅವರು ಗಕ್ಕನೆ ತಿರುಗಿದರು.

ವಿಜಯಕುಮಾರ್ ಕೂತಿದ್ದ ಕುರ್ಚಿ ಖಾಲಿ ಇತ್ತು. ಕಾಫಿ ಲೋಟ ಮುಕ್ಕಾಲು ತುಂಬಿಯೇ ಇತ್ತು. ಸ್ವಲ್ಪ ಸೆಂಟಿನ ವಾಸನೆ ಉಳಿದಿತ್ತು. ಟೀಪಾಯಿಯ ಮೇಲೆ ಹಳೇ ಪೇಪರ್, ಅದರ ಮೇಲೆ ಇಕ್ಕಳ. ಡಬ್ಬ ಇರಲಿಲ್ಲ.

“ಪುಷ್ಪಾ!” ಎಂದು ಕೂಗಿದ್ದು ವೀರಪ್ಪನವರ ಫೋನಿನ ಗದ್ದಲದಲ್ಲಿ ಮುಳುಗಿಹೋಯಿತು. ಹೊರಗೆ ಬೈಕು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಕಿಟಕಿಯ ಹತ್ತಿರ ವೀರಪ್ಪನವರು ಬೀದಿಗೆ ಬೆನ್ನು ಹಾಕಿ ನಿಂತು ಜೋರಾಗಿ ಮಾತಾಡುತ್ತಿದ್ದರು.

“ಹಲೋ, ಸ್ಟೇಷನ್ನಾ? ಹೂಂ ಸರ್, ಕಳ್ಳ ಸಿಕ್ಕಿದ. ಇಲ್ಲೇ ನನ್ನ ಮುಂದೆಯೇ ಇದಾನೆ. ಬನ್ನಿ.”